ಅತ್ತೆಯ ಕೋಳಿಗೂಡು, ನನ್ನ ಬೂಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಕೋಳಿಹಿಕ್ಕೆ ಪರೀಕ್ಷಿಸುವ ಮಹಾಪಂಡಿತನಾಗಿದ್ದೆ. ಪಂಜರದ ಕೋಳಿ, ಭತ್ತದ ಹೊಟ್ಟು ಹಾಸಿದ ಶೆಡ್ಡಿನ ಕೋಳಿ, ಬೀದಿ ಸುತ್ತುವ ನಾಟಿ ಕೋಳಿ, ಈ ಮೂರರಲ್ಲಿ ಯಾವುದರಲ್ಲಿ ರೋಗಾಣು ಹೆಚ್ಚು ಎಂದು ನೋಡುವುದು ಕೆಲಸ. ಉತ್ತರ ನನಗೆ ಮೊದಲೇ ಗೊತ್ತಿತ್ತು. ನಾಟಿ ಕೋಳಿ ಚರಂಡಿ ಕೆದಕುವುದನ್ನು ಕಣ್ಣಾರೆ ಕಂಡವನಿಗೆ ಪರೀಕ್ಷೆ ಯಾಕೆ?

ಹೆಂಡತಿ ಬಾಣಂತನಕ್ಕೆ ಭದ್ರಾವತಿಯ ತವರಲ್ಲಿದ್ದಳು. ಕಾರ್ಖಾನೆಯ ಕ್ವಾರ್ಟರ್ಸು, ಹಿತ್ತಲಲ್ಲಿ ಅತ್ತೆ ಸಾಕಿದ ಆರು ನಾಟಿ ಕೋಳಿ. ಅವುಗಳ ಮೊಟ್ಟೆಯನ್ನು ಅರೆಬೇಯಿಸಿ ಮಗಳಿಗೆ ದಿನಾ ತಿನ್ನಿಸುತ್ತಿದ್ದರು. ಬಾಣಂತಿಗೆ ವಾಂತಿಭೇದಿ ಹತ್ತಿಕೊಂಡರೆ ಕೂಸಿನ ಗತಿಯೇನು ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೇಳಿದರೆ ಅತ್ತೆ ನಕ್ಕುಬಿಟ್ಟರು.

"ಫಾರಂ ಕೋಳಿ ನೋಡಿ ನೋಡಿ ನಿಮಗೆ ಭಯ ಜಾಸ್ತಿಯಾಗಿದೆ ಅಳಿಯಂದ್ರೇ."

ಆ ನಗುವಿಗೆ ಮೈ ಉರಿಯಿತು. ಮರುವಾರ ಸವಳಂಗ ರಸ್ತೆಯ ಹೊಟ್ಟಿನ ಶೆಡ್ಡಿನಲ್ಲಿ ಮಾದರಿ ತೆಗೆದವನು ನೇರ ಭದ್ರಾವತಿಯ ಬಸ್ಸು ಹತ್ತಿದೆ. ಅತ್ತೆ ಬಾಗಿಲಲ್ಲೇ ತಂಬಿಗೆ ನೀರು ಹಿಡಿದು ನಿಂತಿದ್ದರು.

"ಬೂಟು ಬಿಚ್ಚಿ, ಕಾಲು ತೊಳ್ಕೊಂಡು ಬನ್ನಿ. ಬಾಣಂತಿ ಮನೆ ಇದು."

ವಿಜ್ಞಾನಿಗೆ ಇಂಥ ಮಡಿಗೆಲ್ಲ ಎಲ್ಲಿಯ ಪುರುಸೊತ್ತು! ಬೂಟುಗಾಲಲ್ಲೇ ಹಿತ್ತಲಿಗೆ ಹೋಗಿ, ಬಗ್ಗಿ ಗೂಡಿನೊಳಗೆ ಹೊಕ್ಕು ಹಿಕ್ಕೆ ಎತ್ತಿಕೊಂಡೆ, ನೆಲವನ್ನೂ ಹತ್ತಿಯಿಂದ ಒರೆಸಿಕೊಂಡೆ.

ಹಿಕ್ಕೆಯಲ್ಲಿ ಏನೂ ಸಿಗಲಿಲ್ಲ. ನೆಲದ ಮಾದರಿಯಲ್ಲಿ ರೋಗಾಣು ಸಿಕ್ಕಿತು. ನನಗೆ ಅಷ್ಟೇ ಸಾಕಾಗಿತ್ತು. ವರದಿಯನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕೂಸಿನ ಮಾತು ಬಂದ ಮೇಲೆ ಅವರು ಎದುರಾಡಲಿಲ್ಲ. ಆರೂ ಕೋಳಿಗಳನ್ನು ಕೊಯ್ಯಿಸಿ ಚೆನ್ನಾಗಿ ಬೇಯಿಸಿ ಸಾರು ಮಾಡಿದರು, ತಾವು ಮಾತ್ರ ಮುಟ್ಟಲಿಲ್ಲ. ನಾನು ಎರಡು ಸಲ ಬಡಿಸಿಕೊಂಡೆ.

ಮರುದಿನ ಲ್ಯಾಬಿನ ಹಿರಿಯರು ಶೆಡ್ಡಿನ ವರದಿಯನ್ನೂ ಗೂಡಿನ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಎರಡು ಕಡೆನೂ ರೋಗಾಣು ಒಂದೇ ತಳಿದು. ಕೋಳಿ ಹೊಟ್ಟೆಲಿ ಇಲ್ಲ, ನೆಲದಲ್ಲಿ ಮಾತ್ರ ಇದೆ. ಬೂಟು ಬದಲಾಯ್ಸಿದ್ದೆ ತಾನೇ ಮಾರಾಯ?"

ಬಗ್ಗಿ ನೋಡಿಕೊಂಡೆ. ಅಟ್ಟೆಯ ಸಂದಿಯಲ್ಲಿ ಭತ್ತದ ಹೊಟ್ಟು ಇನ್ನೂ ಅಂಟಿಕೊಂಡಿತ್ತು. ಅಂದು ಅದೇ ಬೂಟನ್ನು ಕೂಸು ಮಲಗಿದ್ದ ಕೋಣೆಯ ಹೊಸ್ತಿಲಲ್ಲಿ ಬಿಚ್ಚಿದ್ದೆ.

ಅತ್ತೆಗೆ ಇದನ್ನು ಇಂದಿಗೂ ಹೇಳಿಲ್ಲ, ಅಷ್ಟು ನಾಚಿಕೆ. ಈಗ ಅವರು ತಂಬಿಗೆ ತರುವ ಮೊದಲೇ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆಯುತ್ತೇನೆ. ಓದಿದವರಾದರೂ ನಮ್ಮ ಅಳಿಯಂದಿರಿಗೆ ಎಷ್ಟು ಸಂಪ್ರದಾಯ ನೋಡಿ ಎಂದು ಅವರು ನೆರೆಯವರ ಮುಂದೆ ಹೊಗಳುತ್ತಾರೆ. ಹಿತ್ತಲಲ್ಲಿ ಖಾಲಿ ಗೂಡು ಹಾಗೇ ಇದೆ.