ಅಪ್ಪ ಮಾಡಿಕೊಟ್ಟ ಸ್ಟೂಲು

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹೊದಿಕೆ ಮಡಚುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಹಬೆ. ಮಂಡಿನೋವೆಂದು ಎರಡು ದಿನ ರಜೆ ಹಾಕಿ ಮೂರನೆಯ ದಿನ ಬಂದು ನೋಡಿದರೆ, ಮೇಜಿನ ಕೆಳಗೆ ಅವಳ ಸ್ಟೂಲು ಇರಲಿಲ್ಲ.

"ನನ್ನ ಸ್ಟೂಲೆಲ್ಲೇ?" ಎಂದು ಇಸ್ತ್ರಿ ಮಾಡುವವಳನ್ನು ಕೇಳಿದಳು.

"ಹೊಸ ಸೂಪರ್‌ವೈಸರ್ ಹೊರಗೆ ಹಾಕಿಸಿದ್ರು. ಒದ್ದೆ ಜಾಗದಲ್ಲಿ ಮರದ ಸಾಮಾನು ಇರಬಾರದಂತೆ. ಅದು ಅಕ್ಕಂದು ಅಂತ ಹೇಳಿದೆ. ಯಾರ ಅಕ್ಕ ಅಂದ್ರು."

ಆ ಸ್ಟೂಲು ಅವಳ ಅಪ್ಪ ಮಾಡಿಕೊಟ್ಟದ್ದು. ಅಪ್ಪ ಬಡಗಿ, ಮಾತಿನಲ್ಲಿ ಮಹಾ ಜಿಪುಣ. ಗಂಡ ತೀರಿಕೊಂಡ ಮೇಲೆ ಅವಳು ಈ ಕೆಲಸಕ್ಕೆ ಸೇರಿದಾಗ, "ಊರವರ ಹೊಲಸು ತೊಳೀಲಿ ಅಂತಾನಾ ನಿನ್ನ ಸಾಕಿದ್ದು?" ಎಂದವನು ಆಮೇಲೆ ಒಂದು ವರ್ಷ ಅವಳ ಜೊತೆ ತುಟಿ ಬಿಚ್ಚಿರಲಿಲ್ಲ. ಒಮ್ಮೆ ಅಮ್ಮನಿಗೆ ಹುಷಾರಿಲ್ಲವೆಂದು ಮಗಳನ್ನು ಕರೆಯಲು ಅವನೇ ಬರಬೇಕಾಯಿತು. ಬಾಗಿಲಲ್ಲಿ ನಿಂತು, ಅವಳು ಬಗ್ಗಿ ಎದ್ದು, ಬಗ್ಗಿ ಎದ್ದು ಮಡಚುವುದನ್ನು, ನಡುನಡುವೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುವುದನ್ನು ನೋಡಿದ. ಮೂರು ವಾರದ ಮೇಲೆ ಈ ಸ್ಟೂಲನ್ನು ಹೆಗಲ ಮೇಲೆ ಹೊತ್ತು ತಂದ. ಮೇಜಿನ ಎತ್ತರ, ಮಗಳ ಎತ್ತರ ಎರಡನ್ನೂ ಕಣ್ಣಲ್ಲೇ ಅಳೆದುಕೊಂಡು ಹೋಗಿದ್ದ. ನೀರು ಹರಿಯಲೆಂದು ಅಲ್ಲಿ ನೆಲ ಇಳಿಜಾರಾಗಿತ್ತು. ಅಲುಗಾಡದಿರಲೆಂದು ಮೂರೇ ಕಾಲು ಇಟ್ಟಿದ್ದ.

"ಕೂತು ನೋಡು" ಎಂದ. ಕೂತಳು. "ಹೂಂ" ಎಂದು ಹೊರಟೇಹೋದ.

ಆ ಹೊತ್ತಿಗಾಗಲೇ ಅವನ ಕೈ ನಡುಗುತ್ತಿತ್ತು. ಸ್ಟೂಲಿನ ಒಂದು ಕಾಲನ್ನು ನುಣ್ಣಗೆ ಮಾಡಲು ಆಗಿರಲಿಲ್ಲ. ಆಮೇಲೆ ಸಾಯುವವರೆಗೂ ಅವನು ಉಳಿ ಹಿಡಿಯಲೇ ಇಲ್ಲ. ತಪ್ಪಾಯಿತು ಎನ್ನಲು ಅಪ್ಪನಿಗೆ ಬರುತ್ತಿರಲಿಲ್ಲ, ಇಷ್ಟು ಬರುತ್ತಿತ್ತು.

ಅವಳು ಆಸ್ಪತ್ರೆಯ ಹಿತ್ತಲಿನ ಗುಜರಿ ರಾಶಿಯನ್ನೆಲ್ಲ ಕೆದಕಿದಳು. ಸಿಗಲಿಲ್ಲ. ಕಾವಲಿನವನು ಹೇಳಿದ: "ಆಪರೇಷನ್ ಕೋಣೆ ಹತ್ರ ಕುರ್ಚಿ ಸಾಲದು ಅಂತ ಯಾರೋ ಎತ್ಕೊಂಡು ಹೋದ್ರಮ್ಮ."

ಅದು ಎರಡನೇ ಮಹಡಿ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಬೈಯಬೇಕೆಂದು ಬಾಯಿತುಂಬ ಮಾತು ಕೂಡಿಟ್ಟುಕೊಂಡಿದ್ದಳು. ಮೇಲೆ ಮುಟ್ಟುವಷ್ಟರಲ್ಲಿ ಉಸಿರೇ ಉಳಿದಿರಲಿಲ್ಲ. ಗೋಡೆಯ ಪಕ್ಕ ಅವಳ ಸ್ಟೂಲಿನ ಮೇಲೆ ವಯಸ್ಸಾದ ಒಬ್ಬರು ಕೂತಿದ್ದರು. ತೊಡೆಯ ಮೇಲೆ ಒಂದು ಜೊತೆ ಹೆಂಗಸಿನ ಚಪ್ಪಲಿ.

"ಯಜಮಾನ್ರೇ, ಅದು ನನ್ನದು."

ಅವರು ಗಡಬಡಿಸಿ ಎದ್ದರು. "ತಗೊಳ್ಳಮ್ಮ. ಬೆಳಿಗ್ಗೆಯಿಂದ ನಿಂತೇ ಇದ್ದೆ. ಇದು ಇಲ್ಲಿತ್ತು, ಕೂತುಬಿಟ್ಟೆ." ಹಾಗೆನ್ನುತ್ತ ಗೋಡೆಗೆ ಕೈ ಕೊಟ್ಟು ನಿಂತರು.

"ಒಳಗೆ ಯಾರು?"

"ನಮ್ಮನೆಯವಳು. ಇನ್ನೂ ಮೂರು ನಾಲ್ಕು ಗಂಟೆ ಆಗುತ್ತಂತೆ."

ಅವಳು ಅವರ ಕಾಲು ನೋಡಿದಳು, ಸ್ಟೂಲು ನೋಡಿದಳು. ಜಗಳಕ್ಕೂ ಶಕ್ತಿ ಬೇಕಲ್ಲ.

"ಕೂತ್ಕೊಳ್ಳಿ. ಕೆಲಸ ಮುಗಿಸಿ ಬಂದು ತಗೊಂಡು ಹೋಗ್ತೀನಿ. ಬೇರೆ ಯಾರಿಗೂ ಕೊಡಬೇಡಿ ಮತ್ತೆ."

"ಕೊಡಲ್ಲಮ್ಮ. ಎಷ್ಟು ಗಟ್ಟಿಯಾಗಿದೆ! ಯಾರು ಮಾಡಿದ್ದು?"

"ನಮ್ಮಪ್ಪ" ಎಂದಳು. ಎಷ್ಟೋ ದಿನದ ಮೇಲೆ ಆ ಮಾತು ಬಾಯಿಂದ ಬಂದಿತ್ತು. ಬೇಗ ಕೆಳಗಿಳಿದಳು.

ದಿನವಿಡೀ ನಿಂತು ಮಡಚಿದಳು. ಮಧ್ಯಾಹ್ನದ ಹೊತ್ತಿಗೆ ಮಂಡಿ ಬಾತುಕೊಂಡಿತು. ತನ್ನ ದೊಡ್ಡಸ್ತಿಕೆಯನ್ನು ತಾನೇ ಬೈದುಕೊಂಡಳು. ಸಂಜೆ ಮತ್ತೆ ಮೇಲೆ ಹೋದರೆ ಸ್ಟೂಲು ಗೋಡೆಗೆ ಒರಗಿತ್ತು. ಅವರು ಅದರ ಪಕ್ಕ ನೆಲದ ಮೇಲೆ ಕೂತಿದ್ದರು.

"ಇದೇನು, ಕೆಳಗೆ ಕೂತಿದ್ದೀರಿ?"

"ಆಗಾಗ ಬಾಗಿಲ ಹತ್ರ ಕರೀತಿದ್ರು. ನಾನು ಎದ್ದು ಆ ಕಡೆ ಹೋದರೆ ಇದರ ಮೇಲೆ ಯಾರಾದ್ರೂ ಕೂತುಬಿಡ್ತಾರೆ. ಕೂತವರನ್ನ ಎಬ್ಬಿಸೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಒರಗಿಸಿಟ್ಟು ಕಾಯ್ತಾ ಇದ್ದೆ. ಅವಳನ್ನ ಈಗಷ್ಟೇ ವಾರ್ಡಿಗೆ ಕರ್ಕೊಂಡು ಹೋದ್ರು. ಕಣ್ಣು ಬಿಟ್ಟಳಮ್ಮ." ಅಷ್ಟು ಹೇಳಿ, ಚಪ್ಪಲಿ ಎತ್ತಿಕೊಂಡು ಅವರು ವಾರ್ಡಿನ ಕಡೆ ನಡೆದರು.

ಸ್ಟೂಲನ್ನು ಕೆಳಗೆ ತಂದು ಕೇಳಿಕೊಂಡರೂ ಸೂಪರ್‌ವೈಸರ್ ಜಗ್ಗಲಿಲ್ಲ. "ನಿಯಮ ಅಂದ್ರೆ ನಿಯಮ. ಪ್ಲಾಸ್ಟಿಕ್ ಕುರ್ಚಿಗೆ ಬರೆದು ಕಳಿಸ್ತೀನಿ, ಬರುತ್ತೆ" ಎಂದರು. ಬರೆದು ಕಳಿಸಿದ್ದು ಯಾವಾಗ ಬರುತ್ತದೆಂದು ಅವಳಿಗೆ ಗೊತ್ತಿತ್ತು. ವಾದ ಮಾಡದೆ ಸ್ಟೂಲನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಎರಡು ಕಡೆ ಇಳಿಸಿ, ಅದರ ಮೇಲೇ ಕೂತು ಸುಧಾರಿಸಿಕೊಂಡಳು. ಓಡಾಡುವವರು ನೋಡಿದರು. ನೋಡಲಿ ಎಂದುಕೊಂಡಳು.

ಮನೆಯೆಂದರೆ ಒಂದೇ ಕೋಣೆ. ಅವಳು, ಅವಳ ತಂಗಿ.

"ಇದನ್ನ ಎಲ್ಲಿಡ್ತೀಯ, ನನ್ನ ತಲೆ ಮೇಲಾ?" ಎಂದು ತಂಗಿ ಶುರುಮಾಡಿದಳು. "ಅಪ್ಪನಿಗೆ ಮೊದಲಿಂದಲೂ ನೀನಂದ್ರೇ ಹೆಚ್ಚು. ನನಗೇನು ಮಾಡಿಕೊಟ್ಟ ಹೇಳು?"

"ನಿನ್ನ ಜೊತೆ ಮಾತಾಡ್ತಿದ್ದನಲ್ಲೇ" ಎಂದಳು ಅಕ್ಕ.

ತಂಗಿ ಎದ್ದು ಒಲೆಯ ಕಡೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಿಸಿನೀರು ಕಾಯಿಸಿ ತಂದು, ಬಟ್ಟೆ ಅದ್ದಿ ಅಕ್ಕನ ಮಂಡಿಗೆ ಒತ್ತಿದಳು. ಮರುದಿನ ಅಕ್ಕ ಎಂದಿನ ಹೊತ್ತಿಗೆ ಕೆಲಸಕ್ಕೆ ಹೋದಳು, ನಿಂತೇ ಮಡಚಿದಳು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.