ಚಿಕ್ಕಮ್ಮನ ಜೋಡಿರೆಕ್ಕೆ ವಿಮಾನ

ನಮ್ಮ ಚಿಕ್ಕಮ್ಮನ ಕೆಲಸ ಹಲ್ಲು ಮಾಡುವುದು. ಹಾಗಂತ ಅವಳು ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಹೊಂದುವ ಹಲ್ಲನ್ನು ಲ್ಯಾಬಿನಲ್ಲಿ ಕೂತು ತಯಾರಿಸುವವಳು ಇವಳು. ಮೊದಲು ಮೇಣದಲ್ಲಿ ಕೆತ್ತಿ ನೋಡಬೇಕು. ಆಮೇಲೆ ಪಿಂಗಾಣಿ ಪುಡಿ ಕಲಸಿ, ಸಣ್ಣ ಕುಂಚದಿಂದ ಪದರ ಪದರವಾಗಿ ಹಚ್ಚಿ ಕುಲುಮೆಗೆ ಇಡಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಲ್ಲು ವಾಪಸ್ ಬರುತ್ತದೆ. ವರ್ಷಾನುಗಟ್ಟಲೆ ಇದೇ ಕೆಲಸ ಮಾಡಿ ಅವಳಿಗೆ ಜನರ ಮುಖಕ್ಕಿಂತ ಬಾಯಿಯೇ ಹೆಚ್ಚು ನೆನಪಿರುತ್ತಿತ್ತು. "ಯಾರು, ಆ ಮುಂದಿನ ಹಲ್ಲು ಸೊಟ್ಟ ಇದೆಯಲ್ಲ, ಅವರಾ?" ಎಂದೇ ಗುರುತು ಹಿಡಿಯುತ್ತಿದ್ದಳು. ನಂಟರೆಲ್ಲ ಅವಳೆದುರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಅವಳ ಇನ್ನೊಂದು ಹುಚ್ಚು ಆಟದ ವಿಮಾನ; ನೆಲದ ಮೇಲೆ ನಿಂತು, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ಹಾರಿಸುವಂಥದ್ದು. ಚಿಕ್ಕಪ್ಪ ಅಂಗಡಿಗಳಿಗೆ ನಾಮಫಲಕ ಮಾಡುವ ಕಡೆ ಕೆಲಸಕ್ಕಿದ್ದಾರೆ. ಅಲ್ಲಿ ಉಳಿದ ಫೋಮ್ ಬೋರ್ಡು, ಅಂದರೆ ಎರಡೂ ಬದಿ ಕಾಗದ ಅಂಟಿಸಿದ ಹಗುರವಾದ ಬಿಳಿ ಹಲಗೆ, ಮನೆಗೆ ಬರುತ್ತಿತ್ತು. ಒಂದು ಭಾನುವಾರ ಬೀದಿಯ ಹಿಂದಿನ ಬಯಲಿನಲ್ಲಿ ಯಾರೋ ಅದೇ ಹಲಗೆಯ ವಿಮಾನ ಹಾರಿಸುವುದನ್ನು ನೋಡಿ ಬಂದವಳು ತಾನೂ ಒಂದು ಮಾಡಿದಳು. ಅದು ಮೂಗು ಕೆಳಗಾಗಿ ಬಿತ್ತು. ಇನ್ನೊಂದು ಮಾಡಿದಳು, ಅದೂ ಬಿತ್ತು. ಅದರ ಮುಂದಿನದು ಹಾರಿತು, ಅಲ್ಲಿಗೆ ಚಟ ಅಂಟಿಕೊಂಡಿತು. ಬಯಲಿನ ಗುಂಪಿನವರು ಅವಳಿಗೆ ಹಲ್ಲಮ್ಮ ಎಂದು ಹೆಸರಿಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅವರ ಮನೆಯಲ್ಲೇ ಇದ್ದುದರಿಂದ ಮುಂದಿನದನ್ನೆಲ್ಲ ಕಣ್ಣಾರೆ ನೋಡಿದೆ. ನೋಡಿದರೂ ಆಗ ನನಗೇನೂ ಅರ್ಥವಾಗಿರಲಿಲ್ಲ. ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎನ್ನುವುದು ಅವಳೇ ಆಮೇಲೆ ಹೇಳಿದ್ದು.

ಶುರುವಾದದ್ದು ಕುಂಚದ ತುದಿಯಲ್ಲಿ. ಒಂದು ಬೆಳಿಗ್ಗೆ ಪಿಂಗಾಣಿ ಹಚ್ಚುತ್ತಿದ್ದಾಗ ಆ ತುದಿ ಸಣ್ಣಗೆ ಅದುರಿತು. ಟೀ ಹೆಚ್ಚಾಯಿತೇನೋ ಅಂದುಕೊಂಡು ಟೀ ಕಡಿಮೆ ಮಾಡಿದಳು. ನಿದ್ದೆ ಸಾಲದೇನೋ ಅಂದುಕೊಂಡು ಬೇಗ ಮಲಗಿದಳು. ನಡುಕ ಹೋಗಲಿಲ್ಲ. ಕೆಲವು ದಿನ ಇರುತ್ತಲೇ ಇರಲಿಲ್ಲ, ಇನ್ನು ಕೆಲವು ದಿನ ಮೇಣದ ಚಾಕು ಹಿಡಿದ ಕೂಡಲೇ ಬಂದುಬಿಡುತ್ತಿತ್ತು. ಒಮ್ಮೆ ಲ್ಯಾಬಿನ ಮಾಲೀಕರು ಸಹಜವಾಗಿಯೇ ಕೇಳಿದರು: "ಏನಮ್ಮಾ, ಈಚೆಗೆ ವಾಪಸ್ ಬರೋದು ಸ್ವಲ್ಪ ಜಾಸ್ತಿ ಆಗ್ತಿದೆಯಲ್ಲ?" ಅವರು ಕೇಳಿದ್ದು ಇಡೀ ಲ್ಯಾಬಿನ ಬಗ್ಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚಿಕ್ಕಮ್ಮ ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಅವಳ ಭಯಕ್ಕೆ ಕಾರಣವಿತ್ತು. ನಮ್ಮ ಅಜ್ಜ, ಅಂದರೆ ಅವಳ ಅಪ್ಪ, ಕೈ ನಡುಗುವ ಕಾಯಿಲೆಯಿಂದಲೇ ಹೋದವರು. ಬೆರಳಿನಿಂದ ಶುರುವಾದದ್ದು ಕಾಲಿಗೆ ಬಂತು, ನಡಿಗೆಗೆ ಬಂತು, ಕೊನೆಗೆ ಮಾತಿಗೂ ಬಂತು. ಕಡೆಯ ದಿನಗಳಲ್ಲಿ ಅವರಿಗೆ ತುತ್ತು ತಿನ್ನಿಸಿದವಳು ಇದೇ ಚಿಕ್ಕಮ್ಮ. "ಅಪ್ಪನ ಕೈ ನನಗೆ ಬಂತು" ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಳು. ಮೊಬೈಲಿನಲ್ಲಿ ಹುಡುಕಿ ನೋಡಿದಳು, ಹುಡುಕಿದಷ್ಟೂ ಹೆದರಿದಳು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಹೌದು ಅಂದುಬಿಟ್ಟರೆ? ಯಾರಿಗೂ ಹೇಳಲೂ ಇಲ್ಲ.

ಅದರ ಬದಲು ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಳು. ಎಷ್ಟೋ ದಿನದಿಂದ "ನನ್ನ ಕೈಲಾಗಲ್ಲ ಬಿಡಿ" ಎಂದು ಮುಂದೂಡಿದ್ದ ಜೋಡಿರೆಕ್ಕೆಯ ವಿಮಾನವನ್ನು ಈಗಲೇ ಮಾಡಬೇಕು. ಕೈ ಅದನ್ನು ಸರಿಯಾಗಿ ಮಾಡಿ ಮುಗಿಸಿದರೆ ಕೈಗೇನೂ ಆಗಿಲ್ಲ ಎಂದು ಅರ್ಥ.

ಊಟದ ಮೇಜಿನ ಮೇಲೆ ಕಂದುಬಣ್ಣದ ಕಾಗದ ಹರಡಿತು. ಹಳೇ ಕಾಲದಲ್ಲಿ ಪೈಲಟ್‌ಗಳಿಗೆ ಹಾರುವುದನ್ನು ಕಲಿಸುತ್ತಿದ್ದ ವಿಮಾನದ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು, ನಿಜವಾದ ಅಳತೆಯನ್ನು ಎಂಟರಿಂದ ಭಾಗಿಸಿ ಗೆರೆ ಎಳೆದಳು. ಚಿಕ್ಕಪ್ಪ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು.

"ಏನೇ ಇದು, ಎರಡು ರೆಕ್ಕೆ ಸಾಲದು ಅಂತ ನಾಲ್ಕಾ?"

"ಒಂದರ ಮೇಲೊಂದು ರೀ. ಹಿಂದೆಲ್ಲ ಹೀಗೇ ಇರ್ತಿತ್ತು."

"ಹಿಂದೆಲ್ಲ ಮೇಜಿನ ಮೇಲೆ ಊಟಾನೂ ಇರ್ತಿತ್ತು."

ಚಿಕ್ಕಮ್ಮ ನಗಲಿಲ್ಲ. ಅವಳು ನಗದಿದ್ದುದು ನನಗೆ ವಿಚಿತ್ರವೆನಿಸಿತು, ಅಷ್ಟೇ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ರಜೆಯ ಮಧ್ಯಾಹ್ನ, ಬಿಡುವು ಸಿಕ್ಕಾಗಲೆಲ್ಲ ಅದೇ ಧ್ಯಾನ. ರೆಕ್ಕೆಗೆ ಹಲಗೆಯ ಒಂದು ಬದಿಯ ಕಾಗದವನ್ನು ಹರಿಯದ ಹಾಗೆ ಸುಲಿಯಬೇಕು. ಫೋಮನ್ನು ಅರ್ಧದವರೆಗೆ ಮಾತ್ರ ಕೊಯ್ದು, ಒಳಗೊಂದು ತೊಲೆ ಇಟ್ಟು, ಮಡಚಿ ಅಂಟಿಸಬೇಕು. ಚಾಕು ಸ್ವಲ್ಪ ಆಳಕ್ಕೆ ಇಳಿದರೆ ಕೆಳಗಿನ ಕಾಗದವೂ ಕತ್ತರಿಸಿಹೋಗಿ ರೆಕ್ಕೆ ಎರಡು ಹೋಳು. ಮೊದಲ ರೆಕ್ಕೆ ಹಾಗೇ ಹೋಳಾಯಿತು. "ಬ್ಲೇಡು ಮೊಂಡು," ಅಂದಳು. ಹೊಸ ಬ್ಲೇಡು ಹಾಕಿದಳು. ಇನ್ನೊಂದೂ ಹೋಳಾಯಿತು. ಈ ಸಲ ಬ್ಲೇಡನ್ನು ಬೈಯಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ.

ಆದರೂ ಬಿಡಲಿಲ್ಲ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೊಯ್ಯುವುದನ್ನು ಕಲಿತಳು. ಮೇಲಿನ ರೆಕ್ಕೆ ಆಯಿತು, ಕೆಳಗಿನದಾಯಿತು. ಎರಡರ ನಡುವೆ ಐಸ್‌ಕ್ರೀಮ್ ಕಡ್ಡಿಯ ಕಂಬಗಳು ನಿಂತವು. ಮುಂದಿನಿಂದ ನೋಡಿದರೆ ಎರಡೂ ರೆಕ್ಕೆ ಒಂದಕ್ಕೊಂದು ಸರಿಸಮನಾಗಿರಬೇಕು. ಒಂದು ತುಸು ತಿರುಚಿಕೊಂಡರೂ ವಿಮಾನ ಗಾಳಿಯಲ್ಲಿ ಮಗುಚಿಕೊಳ್ಳುತ್ತದೆ. ಅವಳು ಒಂದು ಕಣ್ಣು ಮುಚ್ಚಿ ನೋಡುವಳು, ನನ್ನನ್ನು ಕರೆದು ನೋಡಿಸುವಳು, ಚಿಕ್ಕಪ್ಪನನ್ನು ಕರೆಯುವಳು. "ಸರಿ ಇದೆ" ಎಂದು ನಾವಿಬ್ಬರೂ ಹೇಳಿದ ಮೇಲೂ ಅಳತೆಪಟ್ಟಿ ಇಟ್ಟು ನೋಡುವಳು. ಮೂಗು ಗಿಡ್ಡವಾದ್ದರಿಂದ ಬಾಲ ಭಾರವಾಯಿತು. ಲ್ಯಾಬಿನಲ್ಲಿ ಮಿಕ್ಕ ಲೋಹದ ಚೂರು ತಂದು ಮೂಗಿನೊಳಗೆ ತುಂಬಿದಳು. ಚಿಕ್ಕಪ್ಪ ಒಳ್ಳೆ ಮನಸ್ಸಿನಿಂದಲೇ, "ಅಂತೂ ವಿಮಾನಕ್ಕೆ ಹಲ್ಲು ಕಟ್ಟಿಸಿದೆ," ಅಂದರು. ಆಗ ಮಾತ್ರ ಅವಳು ಸ್ವಲ್ಪ ನಕ್ಕಳು.

ಕೊನೆಗೆ ಉಳಿದದ್ದು ಸಣ್ಣ ಕೆಲಸ. ಬಾಲದ ಪಟ್ಟಿ ಮೇಲೆ ಕೆಳಗೆ ಆಡಿದರೆ ವಿಮಾನ ಏರುತ್ತದೆ, ಇಳಿಯುತ್ತದೆ. ಆ ಪಟ್ಟಿಗೆ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಕೊಂಡಿ ಅಂಟಿಸಿ, ಅದರ ತೂತಿಗೆ ಬಾಲ ಆಡಿಸುವ ಪುಟ್ಟ ಮೋಟರಿನಿಂದ ಬರುವ ತಂತಿ ಸಿಕ್ಕಿಸಬೇಕು. ಲ್ಯಾಬಿನ ಸಣ್ಣ ಡ್ರಿಲ್ಲಿನಿಂದ ತೂತು ಕೊರೆಯುವಾಗ ಅವಳ ಕೈ ನಡುಗಿತು. ತೂತು ಉದ್ದಕ್ಕೆ ಹಿಗ್ಗಿತು. ನೋಡಿದಳು. ಬೇರೆ ಕೊಂಡಿ ಮಾಡಬಹುದಿತ್ತು. ಆದರೆ ಇನ್ನೊಮ್ಮೆ ಡ್ರಿಲ್ ಹಿಡಿಯಲು ಧೈರ್ಯ ಬರಲಿಲ್ಲ. "ಇಷ್ಟಕ್ಕೆ ಏನಾಗತ್ತೆ," ಎಂದು ತಂತಿ ಸಿಕ್ಕಿಸಿಬಿಟ್ಟಳು.

ಹಾರಿಸುವ ದಿನ ಬೆಳಗಿನಿಂದ ಅವಳು ಏನೂ ತಿನ್ನಲಿಲ್ಲ. ರೆಕ್ಕೆಗೆ ಹಳದಿ ಬಣ್ಣ ಬಳಿದ ವಿಮಾನವನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಬಯಲಿಗೆ ನಡೆದಳು. ಬಯಲಿನ ಗುಂಪಿಗೆ ಹಿರಿಯರೊಬ್ಬರಿದ್ದರು. ಒದ್ದೆ ಬೆರಳು ಎತ್ತಿ ಹಿಡಿದು ಗಾಳಿ ಯಾವ ಕಡೆಯದು ಎಂದು ಹೇಳುತ್ತಿದ್ದುದರಿಂದ ಎಲ್ಲರೂ ಅವರನ್ನು ಗಾಳಿ ತಾತ ಅನ್ನುತ್ತಿದ್ದರು. ಅವರು ವಿಮಾನದ ಸುತ್ತ ಒಂದು ಸುತ್ತು ಬಂದು, "ಚೆಂದ ಆಗಿದೆ ಹಲ್ಲಮ್ಮಾ. ಗಾಳಿ ತಗ್ಗೋ ಮುಂಚೆನೇ ಬಿಡಬೇಡ, ಹಾಂ, ಸರಿ, ಈಗ ಬಿಡು," ಅಂದರು.

ವಿಮಾನ ಹುಲ್ಲಿನ ಮೇಲೆ ಓಡಿ, ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಸುತ್ತು ಚೆನ್ನಾಗಿಯೇ ಹಾಕಿತು. ವೇಗ ಹೆಚ್ಚಿಸಿದ್ದೇ ತಡ, ಬಾಲ ಗಡಗಡ ನಡುಗಲು ಶುರುವಾಯಿತು. ಯಾರೋ, "ನಾಯಿ ಥರ ಬಾಲ ಅಲ್ಲಾಡಿಸ್ತಿದೆ ನೋಡಿ," ಎಂದು ನಕ್ಕರು.

ಚಿಕ್ಕಮ್ಮ ವಿಮಾನ ತಿರುಗಿಸುವ ರೇಡಿಯೋದ ಪುಟ್ಟ ಕೋಲಿನ ಮೇಲಿದ್ದ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ತನ್ನ ಕೈಯ ನಡುಕ ಇಡೀ ಬಯಲಿಗೆ ಕಾಣುವ ಹಾಗೆ ಆಕಾಶದಲ್ಲಿ ಆಡುತ್ತಿದೆ ಎಂದೇ ಅವಳಿಗನಿಸಿತಂತೆ.

"ತಾತಾ, ತಗೊಳ್ಳಿ. ನನ್ನ ಕೈಲಾಗ್ತಿಲ್ಲ. ತಗೊಳ್ಳಿ!"

ಗಾಳಿ ತಾತ ರೇಡಿಯೋ ಇಸಿದುಕೊಂಡರು. ಅವರ ಕೈ ಕಲ್ಲಿನ ಹಾಗೆ ಸ್ಥಿರ. ಆದರೂ ಬಾಲ ನಡುಗುತ್ತಲೇ ಇತ್ತು. ಅದನ್ನು ನೋಡಿದ ಕೂಡಲೇ ಚಿಕ್ಕಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಅವಳ ಭುಜ ಇಳಿದದ್ದು ನನಗೂ ಕಾಣಿಸಿತು. ತಾತ ವೇಗ ತಗ್ಗಿಸಿದರು, ನಡುಕ ನಿಂತಿತು, ಹಾಗೇ ನಿಧಾನಕ್ಕೆ ಇಳಿಸಿದರು. ಮೊಣಕಾಲೂರಿ ಬಾಲವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ ನಕ್ಕರು.

"ನಿನ್ನದೇನೂ ತಪ್ಪಿಲ್ಲ ಮಾರಾಯ್ತಿ. ಇಲ್ಲಿ ನೋಡು, ತೂತು ಸಡಿಲ. ತಂತಿ ಆಟ ಆಡ್ತಿದೆ."

ಚಿಕ್ಕಮ್ಮ ಆ ತೂತನ್ನು ನೋಡಿದಳು. ಇಳಿದ ಭುಜ ಮತ್ತೆ ಏರಿತು. ತೂತು ಹಾಗಾದದ್ದು ಹೇಗೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಹುಲ್ಲಿನ ಮೇಲೆ ಕುಸಿದು ಕೂತಳು. ಚಿಕ್ಕಪ್ಪ ಓಡಿ ಬಂದು ಪಕ್ಕದಲ್ಲಿ ಕೂತರು.

"ರೀ, ನನ್ನ ಕೈ ನಡುಗುತ್ತೆ," ಅಂದಳು. "ಬಹಳ ದಿನದಿಂದ. ಅಪ್ಪಂಗೆ ಆದ ಹಾಗೆ."

"ಗೊತ್ತು."

"ಏನು ಗೊತ್ತು?"

"ನಿನಗೆ ಯಾವಾಗಿನಿಂದ ಅರ್ಧ ಲೋಟ ಟೀ ಕೊಡ್ತಿದ್ದೀನಿ, ನೋಡಿಲ್ವಾ? ತುಂಬಾ ಕೊಟ್ರೆ ಚೆಲ್ಲುತ್ತೆ, ಚೆಲ್ಲಿದ್ರೆ ನೀನು ಮುಖ ಮುಚ್ಕೋತೀಯ. ನೀನಾಗೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

"ಕಾದ್ರಂತೆ! ಕೇಳೋಕೆ ಏನಾಗಿತ್ತು ನಿಮಗೆ?" ಚಿಕ್ಕಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು.

"ನನಗೂ ಭಯ ಕಣೇ," ಅಂದರು ಚಿಕ್ಕಪ್ಪ.

ಆ ವಾರವೇ ನರದ ಡಾಕ್ಟರ ಹತ್ತಿರ ಹೋದೆವು. ಹೊರಗಿನ ಬೆಂಚಿನಲ್ಲಿ ಅಜ್ಜನ ಹಾಗೆ ಕಾಲೆಳೆದುಕೊಂಡು ಬಂದವರೊಬ್ಬರು ಎದುರಿಗೇ ಕೂತಿದ್ದರು. ಚಿಕ್ಕಮ್ಮ ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಡಾಕ್ಟರಮ್ಮ ಅವಳನ್ನು ನಡೆಸಿದರು, ಕೈ ಮುಂದೆ ಚಾಚಿಸಿದರು, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುಸುತ್ತು ಗೆರೆ ಬರೆಯಲು ಹೇಳಿದರು. ಗೆರೆಯೆಲ್ಲ ಗರಗಸದ ಹಲ್ಲಿನಂತೆ ಬಂತು. ಚಿಕ್ಕಮ್ಮ ಪೆನ್ನು ಕೆಳಗಿಟ್ಟು, "ಆಯ್ತಲ್ಲ ಡಾಕ್ಟ್ರೇ," ಅಂದಳು.

"ಏನಾಯ್ತು? ಇನ್ನೂ ಏನೂ ಆಗಿಲ್ಲ. ನಿಮ್ಮ ತಂದೆಯವರ ಕೈ ಯಾವಾಗ ನಡುಗ್ತಿತ್ತು? ಸುಮ್ನೆ ಕೂತಾಗಲೋ, ಏನಾದ್ರೂ ಎತ್ತಿಕೊಳ್ಳುವಾಗಲೋ?"

ಚಿಕ್ಕಮ್ಮ ಕಣ್ಣು ಮುಚ್ಚಿದಳು. ಕುರ್ಚಿಯಲ್ಲಿ ಕೂತ ಅಪ್ಪ, ಮಡಿಲಲ್ಲಿ ತಾನಾಗಿಯೇ ಆಡುವ ಅವರ ಬೆರಳು. ಲೋಟದ ಕಡೆ ಕೈ ಚಾಚಿದಾಗ ಆ ಆಟ ತುಸು ತಗ್ಗುತ್ತಿತ್ತು.

"ಸುಮ್ನೆ ಕೂತಾಗಲೇ ಜಾಸ್ತಿ."

"ನಿಮ್ಮದು?"

ಚಿಕ್ಕಮ್ಮ ತನ್ನ ಮಡಿಲು ನೋಡಿಕೊಂಡಳು. ಕೈ ಅಲ್ಲಿ ಬೆಕ್ಕಿನ ಮರಿಯ ಹಾಗೆ ತೆಪ್ಪಗೆ ಮಲಗಿತ್ತು.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಇದು ಅಪ್ಪನ ಕಾಯಿಲೆಯಂತೆ ಕಾಣುತ್ತಿಲ್ಲ; ಕೆಲಸ ಮಾಡುವಾಗ ಮಾತ್ರ ಬರುವ ನಡುಕ. ಬಹಳ ಜನಕ್ಕಿರುತ್ತದೆ. ಹೆದರಿದಷ್ಟೂ ಎದ್ದು ಕಾಣುತ್ತದೆ. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ತಗ್ಗಬಹುದು, ವಯಸ್ಸಾದಂತೆ ಸ್ವಲ್ಪ ಹೆಚ್ಚಲೂಬಹುದು. ರಕ್ತ ಪರೀಕ್ಷೆಯೊಂದಾಗಲಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು.

ಹೊರಗೆ ಬಂದ ಮೇಲೆ ಚಿಕ್ಕಪ್ಪ, "ಬಚಾವಾದೆ," ಅಂದರು. ಚಿಕ್ಕಮ್ಮ, "ಹೆಚ್ಚಲೂಬಹುದು ಅಂದ್ರಲ್ಲ?" ಅಂದಳು. ದಾರಿಯುದ್ದಕ್ಕೂ ಅವರಿಬ್ಬರದು ಇದೇ ವಾದ.

ಮಾರನೇ ದಿನ ಅವಳೇ ಮಾಲೀಕರ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ವಾಪಸ್ ಬಂದ ಹಲ್ಲುಗಳ ಪಟ್ಟಿ ತೆಗೆದು ನೋಡಿದರು. ಆಮೇಲೆ ಸಣ್ಣ ಕುಂಚದ ಕೆಲಸವನ್ನು ಇನ್ನೊಬ್ಬಳಿಗೆ ವಹಿಸಿ, ಹಲ್ಲಿನ ಬಣ್ಣ ಹೊಂದಿಸುವುದನ್ನೂ ಕಡೆಯ ತಪಾಸಣೆಯನ್ನೂ ಇವಳಿಗೆ ಕೊಟ್ಟರು. ಕುಂಚ ಕೈಬಿಟ್ಟದ್ದಕ್ಕೆ ಅವಳು ಮನೆಗೆ ಬಂದು ಅತ್ತಳು. ಕೆಲಸ ಹೋಗಲಿಲ್ಲವಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡಳು. ಮಾತ್ರೆಯಿಂದ ನಡುಕ ಅರ್ಧದಷ್ಟು ತಗ್ಗಿತು.

ವಿಮಾನದ ಕೊಂಡಿಗೆ ಹೊಸ ತೂತು ಕೊರೆದದ್ದು ಚಿಕ್ಕಪ್ಪ. ಅವರು ಕೊರೆದ ಮೊದಲನೆಯದನ್ನು ಚಿಕ್ಕಮ್ಮ ಬೆಳಕಿಗೆ ಹಿಡಿದು ನೋಡಿ, "ಇವರ ಕೈ ನಡುಗಲ್ಲ ನಿಜ, ಆದರೆ ಕಣ್ಣೇ ಸೊಟ್ಟ," ಎಂದು ಬದಿಗೆಸೆದಳು. ಅದರ ಮುಂದಿನದು ಪಾಸಾಯಿತು. ಕೋಲು ಸ್ವಲ್ಪ ಅಲುಗಿದರೆ ವಿಮಾನ ಲೆಕ್ಕಕ್ಕಿಟ್ಟುಕೊಳ್ಳದ ಹಾಗೆ ಗಾಳಿ ತಾತ ರೇಡಿಯೋವನ್ನು ಹೊಂದಿಸಿಕೊಟ್ಟರು. ಎರಡನೇ ಸಲ ವಿಮಾನ ಏರಿದಾಗ ನಾವ್ಯಾರೂ ಚಪ್ಪಾಳೆ ತಟ್ಟಲಿಲ್ಲ, ಬರೀ ಬಾಲ ನೋಡುತ್ತಿದ್ದೆವು. ಬಾಲ ಸುಮ್ಮನಿತ್ತು. ಬಯಲಿಗೆ ದೊಡ್ಡ ಸುತ್ತು ಹಾಕಿ ಇಳಿಯುವಾಗ ಮಾತ್ರ ಚಕ್ರ ಹುಲ್ಲಿಗೆ ಸಿಕ್ಕಿ ಮಗುಚಿಕೊಂಡು, ಕೆಳಗಿನ ರೆಕ್ಕೆ ಮುರಿಯಿತು. "ಇದು ಯಾರಿಗಾದ್ರೂ ಆಗುತ್ತೆ," ಅಂದರು ತಾತ. "ಹೌದಾ? ಯಾರಿಗಾದ್ರೂ ಆಗುತ್ತಾ?" ಎಂದು ಚಿಕ್ಕಮ್ಮ ಮತ್ತೆ ಮತ್ತೆ ಕೇಳಿ ಖಾತರಿ ಮಾಡಿಕೊಂಡಳು.

ವಿಷಯ ತಿಳಿದ ಮೇಲೆ ನಮ್ಮಮ್ಮನಿಗೆ ಹೊಸ ಚಿಂತೆ ಹತ್ತಿದೆ. ಅಜ್ಜ ಅವಳಿಗೂ ಅಪ್ಪ ತಾನೇ. ಹೋದ ಸಲ ಊರಿಗೆ ಹೋದಾಗ ಒಗ್ಗರಣೆ ಸೌಟನ್ನು ಕೆಳಗಿಟ್ಟು ಎರಡೂ ಕೈ ನನ್ನ ಮುಂದೆ ಚಾಚಿ, "ನೋಡು, ಅಲ್ಲಾಡ್ತಿದೆಯಾ?" ಅಂದಳು. ಇಲ್ಲ ಅಂದೆ. "ಸರಿಯಾಗಿ ನೋಡೇ," ಅಂದಳು. ಸರಿಯಾಗಿ ನೋಡಿದೆ.