ಕಿಟಕಿಯೂ ಕಂಡಿತು, ಮೂಲೆಯೂ ಕಂಡಿತು

ಗಚ್ಚಿಬೌಲಿಯ ಹನ್ನೆರಡನೇ ಮಹಡಿಯ ಫ್ಲ್ಯಾಟಿಗೆ ಬಂದ ಮೇಲೆ ನನಗೆ ಫೋಟೋದ ಹುಚ್ಚು ಹತ್ತಿತು. ಅಬಿಡ್ಸ್‌ನ ಹಳೇ ಮನೆಯಲ್ಲಿ ಕಿಟಕಿ ತೆಗೆದರೆ ಎದುರು ಮನೆಯವರು ಒಣಹಾಕಿದ ಚಾದರ ಕಾಣುತ್ತಿತ್ತು. ಇಲ್ಲಿ ಗಾಜಿನ ಕಟ್ಟಡಗಳು, ಬಂಡೆಗಳು, ಆಕಾಶ. ಆದರೆ ಕಿಟಕಿ ಚೆನ್ನಾಗಿ ಬಂದರೆ ಮನೆಯೆಲ್ಲ ಕಪ್ಪು, ಮನೆ ಕಂಡರೆ ಕಿಟಕಿ ಸುಣ್ಣ ಬಳಿದ ಹಾಗೆ ಬಿಳಿ. ಥೂ, ಇದ್ಯಾವ ಕರ್ಮ ಎಂದು ಬೈದುಕೊಂಡು ಕೊನೆಗೆ ಎಚ್‌ಡಿಆರ್ ಆ್ಯಪ್ ಹಾಕಿಕೊಂಡೆ. ಅದು ಒಂದೇ ನೋಟವನ್ನು ಕಪ್ಪಗೆ, ಹದವಾಗಿ, ಬೆಳ್ಳಗೆ ಎಂದು ಮೂರು ಸಲ ಹಿಡಿದು ಒಂದು ಮಾಡುತ್ತದೆ. ಉಸಿರು ಬಿಗಿಹಿಡಿದು ಕೈ ಅಲ್ಲಾಡದಂತೆ ನಿಲ್ಲಬೇಕು, ಅಷ್ಟೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೋಡ ಬಹಳ ಚೆನ್ನಾಗಿ ಕಟ್ಟಿತ್ತು. ಊಟದ ಮೇಜು, ಆರು ಕುರ್ಚಿ, ಹಿಂದೆ ಕಿಟಕಿ. ತೆಗೆದೆ. ಅಬ್ಬಾ! ಮೋಡದ ಅಂಚೂ ಕಂಡಿತು, ಮೇಜಿನ ಮೇಲಿನ ಉಪ್ಪಿನಕಾಯಿ ಭರಣಿಯೂ ಕಂಡಿತು. ತಡೆಯಲಾಗದೆ ಫೋನಿನಲ್ಲಿದ್ದ ನಮ್ಮ ಕನ್ನಡ ಬಳಗದ ಗುಂಪಿಗೆ ಹಾಕಿಬಿಟ್ಟೆ. ಹೊಗಳಿದ್ದೇ ಹೊಗಳಿದ್ದು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮನೆಗೆಲಸಕ್ಕೆ ಬರುವ ಹೆಂಗಸು ರಾಯಚೂರು ಕಡೆಯವಳು, ಹಳೇ ಮನೆಯ ಕಾಲದಿಂದ, ಒಂಬತ್ತು ವರ್ಷವಾಯಿತು, ನಮ್ಮಲ್ಲಿದ್ದಾಳೆ. ಮರುದಿನ ಅವಳ ಮುಂದೂ ಜಂಬ ಕೊಚ್ಚಿದೆ.

"ಅಕ್ಕಾರ, ನನ್ ಮಗಳಿಗೂ ಕಳಸ್ರಿ. ಅವ್ವ ಎಂಥಾ ಮನ್ಯಾಗ ಅದಾಳ ನೋಡ್ಲಿ," ಎಂದಳು. ಮಗಳು ಊರ ಕಡೆ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ.

"ತಡಿ, ನೀ ಮೊದಲು ನೋಡು," ಎಂದು ಫೋಟೋ ದೊಡ್ಡದು ಮಾಡಿ ತೋರಿಸಿದೆ.

ಅವಳ ಬೆರಳು ಎಡಗಡೆಯ ಮೂಲೆಯಲ್ಲಿ ನಿಂತಿತು. "ಅಯ್ಯ, ಇದು ನಾನಲ್ಲೇನ್ರಿ?"

ಅವಳೇ. ಬಟ್ಟೆ ಒಗೆಯುವ ಮಷೀನಿನ ಪಕ್ಕ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದಾಳೆ. ಮುಂದೆ ಅಂಚು ನೆಗ್ಗಿದ ಸ್ಟೀಲ್ ತಟ್ಟೆ, ನಮ್ಮ ಪಾತ್ರೆಗಳ ಜೊತೆ ಸೇರದಂತೆ ಬೇರೆ ಇಟ್ಟ ತಟ್ಟೆ. ಮಾಮೂಲಿ ಫೋಟೋದಲ್ಲಾದರೆ ಆ ಮೂಲೆ ಕಪ್ಪಾಗಿಯೇ ಇರುತ್ತಿತ್ತು. ಅಲ್ಲಿ ಕೂರು ಎಂದು ನಾನು ಒಂದು ದಿನವೂ ಹೇಳಿದವಳಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಈ ಮನೆಗೆ ಬಂದ ಮೊದಲ ದಿನ ತಟ್ಟೆ ಅಲ್ಲಿಟ್ಟೆ, ಅವಳು ಅಲ್ಲೇ ಕೂತಳು. ಮೋಡ ಹೊಗಳಿದ ಬಳಗದವರಲ್ಲಿ ಯಾರೊಬ್ಬರೂ ಆ ಮೂಲೆಯ ಮಾತೆತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

"ಕಳಸಬ್ಯಾಡ್ರಿ," ಎಂದಳು ಮೆಲ್ಲಗೆ. "ಅಕ್ಕಾರ ಜೋಡಿ ಮೇಜಿಗೆ ಕುಂತು ಉಣ್ತೀನಿ ಅಂತ ಹೇಳೀನ್ರಿ ಆಕಿಗೆ. ಇದನ್ನ ನೋಡಿದ್ರ ಕೆಲಸ ಬಿಟ್ಟು ಬಾ ಅಂತಾಳ. ಆಕಿ ಭಾಳ ಸಿಟ್ಟಿನಾಕಿ."

ಆ ಮೂಲೆಯ ಮೇಲೇ ಬೆರಳಿಟ್ಟು ಕೇಳಿದಳು: "ಈ ಮೂಲಿ ಕರ್ರಗ ಮಾಡಾಕ ಬರ್ತೈತೇನ್ರಿ?"

ಬರುತ್ತದೆ. ಪರದೆಯ ಮೇಲೆ ನೆರಳು ಹೆಚ್ಚಿಸುವ ಗುಂಡಿಯನ್ನು ಎಡಕ್ಕೆ ಎಳೆದರೆ ಸಾಕು. ಎಳೆದೆ. ತಟ್ಟೆ ಹೋಯಿತು, ಅವಳೂ ಹೋದಳು, ಮೋಡ ಹಾಗೇ ಉಳಿಯಿತು. ಸದ್ಯ, ಇಷ್ಟಾದರೂ ಆಗುತ್ತದಲ್ಲ ಎಂದು ನನಗೆ ಸಮಾಧಾನವೂ ಆಯಿತು. ಆ ಸಮಾಧಾನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

"ಭಾಳ ಉಪಕಾರ ಆತ್ರಿ, ಅಕ್ಕಾರ." ಮಗಳಿಗೆ ಕಳಿಸಿದೆ.

ಊಟದ ಹೊತ್ತಾಗಿತ್ತು. ಆರು ಕುರ್ಚಿಗಳಲ್ಲಿ ಐದು ಖಾಲಿ. ಇಲ್ಲೇ ಬಾ, ಕೂತ್ಕೋ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ತನ್ನ ತಟ್ಟೆ ತೆಗೆದುಕೊಂಡು ಮೂಲೆಗೆ ಹೋಗಿ ಕೂತಳು. ನಾನು ಅಲ್ಲಿಗೇ ಹೋಗಿ ಅನ್ನ ಬಡಿಸಿ ಬಂದೆ.